ಟೋಕಿಯೊ ಆದಮೇಲೆ

ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಎಂದರೆ ನಮಗೆ ಇಂದಿಗೂ ಟೋಕಿಯೊ ಒಲಿಂಪಿಕ್ಸ್‌ನ ನಾಲ್ಕನೇ ಸ್ಥಾನವೇ ನೆನಪು. ಒಂದೇ ಹೊಡೆತದ ಅಂತರದಲ್ಲಿ ಪದಕ ತಪ್ಪಿತ್ತು. ತಾಯಿಯೇ ಕ್ಯಾಡಿಯಾಗಿ, ಅಂದರೆ ಆಟದ ಚೀಲ ಹೊತ್ತು ನೆರವಾಗುವವರಾಗಿ, ಜೊತೆಗಿದ್ದರು. ಬರ್ಡಿ, ಬೋಗಿ ಏನೆಂದು ತಿಳಿಯದ ನಾವೆಲ್ಲ ಅಂದು ಟಿವಿ ಮುಂದೆ ಕುಳಿತೆವು, ಮರುದಿನ ಮರೆತೆವು. ಅವರು ಆಡುತ್ತಲೇ ಇದ್ದರು. 2023ರಲ್ಲಿ ಕೀನ್ಯಾದಲ್ಲಿ ಗೆದ್ದರು, ಸ್ಪೇನ್‌ನಲ್ಲಿ ಗೆದ್ದರು. ಲಾಸ್ ಏಂಜಲೀಸ್‌ನಲ್ಲಿ ಸಮಬಲವಾದಾಗ ಗೆದ್ದವರನ್ನು ನಿರ್ಧರಿಸುವ ಪ್ಲೇಆಫ್‌ವರೆಗೂ ಹೋಗಿ ಸೋತರು. ಈ ಸುದ್ದಿಗಳನ್ನು ನಮ್ಮಲ್ಲಿ ಎಷ್ಟು ಜನ ಓದಿದೆವೋ!

ಅಮೆರಿಕದ ಮಹಿಳಾ ವೃತ್ತಿಪರ ಗಾಲ್ಫ್ ಸರಣಿಯಾದ ಎಲ್‌ಪಿಜಿಎ ಟೂರ್‌ನ ಬಹುತೇಕ ಟೂರ್ನಿಗಳಲ್ಲಿ ಮೊದಲೆರಡು ದಿನ, ಅಂದರೆ ಸಾಮಾನ್ಯವಾಗಿ ಗುರುವಾರ ಮತ್ತು ಶುಕ್ರವಾರ, ಆಡಿ ಕಟ್ (ಮುಂದಿನ ಸುತ್ತುಗಳಿಗೆ ಉಳಿಯಲು ಬೇಕಾದ ಸ್ಕೋರ್‌ನ ಗೆರೆ) ದಾಟದಿದ್ದರೆ ಬಹುಮಾನದ ಹಣವಿಲ್ಲ. ವಿಮಾನ, ಹೋಟೆಲ್, ಕ್ಯಾಡಿಯ ಖರ್ಚಂತೂ ತಪ್ಪಿದ್ದಲ್ಲ. ತಿಂಗಳ ಸಂಬಳ ನಂಬಿ ಬದುಕುವ ನನಗೆ ಅಂಥ ಶುಕ್ರವಾರದ ಸಂಜೆಯನ್ನು ಊಹಿಸಿಕೊಂಡರೇ ಹೊಟ್ಟೆ ತೊಳಸುತ್ತದೆ. ಅವರು ಮಾತ್ರ 2017ರಿಂದ ಅಲ್ಲಿ ಆಡುತ್ತಿದ್ದಾರೆ.