ದೋಣಿ ಬಿಡುವ ಕೆರೆಗೆ ಕೋಡಿಯ ಲೆಕ್ಕ

ಹೊಲದ ತಗ್ಗಿಗೆ ಒಂದು ಒಡ್ಡು, ನೀರಿಗೆ ಒಂದು ದೋಣಿ, ನಾಲ್ಕು ಗಾಳ, ದಂಡೆಯಲ್ಲಿ ರೊಟ್ಟಿ ಊಟ. ವಿಜಯಪುರ, ಬಾಗಲಕೋಟೆ ಕಡೆ ಈ ಆಸೆ ಇದ್ದವರು ಮೊದಲು ಕೇಳುವುದು ನೀರು ಎಷ್ಟು ನಿಲ್ಲುತ್ತದೆ ಎಂದು. ಹೆಚ್ಚಾದದ್ದು ಎಲ್ಲಿಂದ ಹೋಗಬೇಕು ಎಂದು ಕೇಳುವವರು ಕಡಿಮೆ. ನೀರಾವರಿಯ ಕೆರೆ ಬೆಳೆಗೆ ಬಿಟ್ಟಂತೆ ಇಳಿಯುತ್ತದೆ. ಮೋಜಿನ ಕೆರೆಯನ್ನು ಮಾಲೀಕ ಸದಾ ತುಂಬಿಸಿಡಲು ನೋಡುತ್ತಾನೆ. ತೊಂದರೆ ಶುರುವಾಗುವುದೇ ಅಲ್ಲಿ.

ಸರ್ವೆ ನಕ್ಷೆ ಮೊದಲು ನೋಡಿ. ಅದರಲ್ಲಿ ಹಳ್ಳ ಎಂದಿದ್ದರೆ, ನಿಮ್ಮ ಹೊಲದ ನಡುವೆಯೇ ಹರಿದರೂ, 1964ರ ಭೂ ಕಂದಾಯ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ಅದು ಸರ್ಕಾರದ್ದು.

ವಿಜಯಪುರದ ಡೋಣಿ ನದಿ ಸೀಮೆಯ ಎರೆಮಣ್ಣು, ಅಂದರೆ ಕಪ್ಪು ಜಿಗುಟು ಮಣ್ಣು, ನೀರನ್ನು ಚೆನ್ನಾಗಿ ಹಿಡಿಯುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ ಕೂಡ. ನೀರು ಇಳಿದಾಗ ಒಡ್ಡಿನ ತಲೆ ಒಣಗುತ್ತದೆ. ಮಳೆಗೆ ಕೆರೆ ಒಂದೇ ರಾತ್ರಿ ತುಂಬಿದರೆ ಬಿರುಕು ಮುಚ್ಚುವ ಮೊದಲೇ ನೀರು ಅದರೊಳಗೆ ಹಾಯುತ್ತದೆ. ಆದ್ದರಿಂದ ಎರೆ ಒಡ್ಡಿನ ಹೊಟ್ಟೆಯಲ್ಲಿರಲಿ. ತಲೆಗೂ ಎರಡೂ ಮಗ್ಗುಲಿಗೂ ಕನಿಷ್ಠ ಅರ್ಧ ಮೀಟರ್ ಗರಸು (ಹರಳು ಬೆರೆತ ಮಣ್ಣು) ಹೊದಿಸಿ. ಖಾನಾಪುರದ ಕೆಂಪು ಜಂಬಿಟ್ಟಿಗೆ ಇದರ ತದ್ವಿರುದ್ಧ: ಬಿರಿಯುವುದು ಕಡಿಮೆ, ಸೋರುವುದು ಹೆಚ್ಚು.

4 ಮೀಟರ್ ಎತ್ತರದ ಒಡ್ಡಿಗೆ ತಲೆಯ ಅಗಲ 3 ಮೀಟರ್, ಇಳಿಜಾರು ನೀರಿನ ಕಡೆ 1ಕ್ಕೆ 3 (ಎತ್ತರ 1, ಚಾಚು 3), ಬೆನ್ನಿನ ಕಡೆ 1ಕ್ಕೆ 2.5. ತಳ 25 ಮೀಟರ್ ಆಯಿತು. ಖರ್ಚು ಕೇಳಿ ಹೌಹಾರಿ ಇಳಿಜಾರು ಕಡಿದು ಮಾಡಿಸಿದರೆ ಎರಡನೇ ವರ್ಷಕ್ಕೇ ಮಗ್ಗುಲು ಜಾರುತ್ತದೆ. ಒಡ್ಡು ಏಳುವ ಜಾಗದ ನಡುವೆ, ಅದರ ಉದ್ದಕ್ಕೂ, ಗಟ್ಟಿ ಪದರ ಸಿಗುವವರೆಗೆ ಕಾಲುವೆ ತೋಡಿ ಎರೆಯಿಂದ ತುಂಬಿ. ಮಣ್ಣನ್ನು 20 ಸೆಂ.ಮೀ. ಪದರಗಳಲ್ಲಿ ಹರಡಿ ರೋಲರ್ ಹೊಡೆಸಿ. ಮುಷ್ಟಿಯಲ್ಲಿ ಹಿಚುಕಿದರೆ ಉಂಡೆಯಾಗಬೇಕು, ಕೈಗೆ ಮೆತ್ತಬಾರದು. ಜೆಸಿಬಿ ನಾಲ್ಕು ಸಲ ಓಡಾಡಿದರೆ ದಮ್ಮಸ್ಸು ಆಗುವುದಿಲ್ಲ, ಚಕ್ರದ ಜಾಡಷ್ಟೇ ಗಟ್ಟಿಯಾಗುತ್ತದೆ.

ಈಗ ಕೋಡಿ, ಹೆಚ್ಚಾದ ನೀರು ಹೊರಹೋಗುವ ದಾರಿ. ಅದು ಒಡ್ಡಿನ ಮೇಲಲ್ಲ, ಪಕ್ಕದ ಗಟ್ಟಿ ನೆಲದಲ್ಲಿ, ಒಡ್ಡಿನ ತಲೆಗಿಂತ 1 ಮೀಟರ್ ಕೆಳಗೆ ಇರಬೇಕು. 40 ಹೆಕ್ಟೇರ್ ಮೇಲೆ ಗಂಟೆಗೆ 50 ಮಿ.ಮೀ. ಮಳೆ ಬಿದ್ದು ಅರ್ಧದಷ್ಟು ಹರಿದು ಬಂದರೆ ಸೆಕೆಂಡಿಗೆ ಸುಮಾರು 2.8 ಘನ ಮೀಟರ್. ಅದನ್ನು ಅರ್ಧ ಮೀಟರ್ ಆಳದಲ್ಲಿ ಸಾಗಿಸಲು 6 ಮೀಟರ್ ಅಗಲ ಬೇಕು. ಮೀನು ಹೋಗುತ್ತವೆಂದು ಅಲ್ಲಿ ಸಣ್ಣ ಕಣ್ಣಿನ ಬಲೆ ಕಟ್ಟಿದಿರೋ, ಮೊದಲ ಪ್ರವಾಹದ ಕಸಕಡ್ಡಿಯೇ ಅದನ್ನು ಗೋಡೆ ಮಾಡುತ್ತದೆ. ದೋಣಿಗೆ ಇನ್ನೊಂದು ಅಡಿ ನೀರು ಸಿಗಲೆಂದು ಮರಳಿನ ಚೀಲ ಇಟ್ಟರೂ ಅದೇ ಕಥೆ. ಮೀನು ಹೋದರೆ ಹೋಗಲಿ.

ದೋಣಿ ಕಟ್ಟುವ ಗೂಟ, ಮೆಟ್ಟಿಲು, ನೆರಳಿನ ಬೇವು ಎಲ್ಲ ಪಕ್ಕದ ದಂಡೆಗಿರಲಿ. ಒಡ್ಡಿನ ಮೇಲೆ ಕರಿಕೆ ಹುಲ್ಲು ಸಾಕು. ಬಳ್ಳಾರಿ ಜಾಲಿಯನ್ನು ಸಸಿಯಲ್ಲೇ ಕೀಳಿ. ದೊಡ್ಡದನ್ನು ಕಡಿದರೆ ಬೇರು ಕೊಳೆತು ನೀರಿಗೆ ದಾರಿಯಾಗುತ್ತದೆ. ಹೆಗ್ಗಣದ ಬಿಲವೂ ಅಷ್ಟೇ. ತೂಬಿನಿಂದ ನೀರು ಇಳಿಸುವಾಗ ದಿನಕ್ಕೆ ಒಂದು ಅಡಿ ಮೀರಬೇಡಿ.

ಕೆರೆ ತುಂಬಿರುವಾಗ ವಾರಕ್ಕೊಮ್ಮೆ ಒಡ್ಡಿನ ಬೆನ್ನಿನ ಬುಡದಲ್ಲಿ ನಡೆಯಿರಿ. ಜಿನುಗು ತಿಳಿಯಾಗಿದ್ದರೆ ಬಕೆಟ್ ಹಿಡಿದು ಎಷ್ಟು ಹೊತ್ತಿಗೆ ತುಂಬುತ್ತದೆ ಬರೆದಿಡಿ. ಬಗ್ಗಡ ಬಂದರೆ ಒಳಗಿನ ಮಣ್ಣು ಹೋಗುತ್ತಿದೆ. ಆಗ ಮೇಲೆ ಎರೆ ಸುರಿದು ಬಾಯಿ ಮುಚ್ಚಬೇಡಿ, ನೀರು ಇನ್ನೊಂದು ಕಡೆ ಒಡೆದು ಬರುತ್ತದೆ. ಮೊದಲು ದಪ್ಪ ಮರಳು, ಅದರ ಮೇಲೆ ಜಲ್ಲಿ, ಆಮೇಲೆ ಕಲ್ಲು ಹೇರಿ: ನೀರು ಹೋಗಲಿ, ಮಣ್ಣು ನಿಲ್ಲಲಿ. ಜೊತೆಗೇ ತೂಬು ತೆರೆಯಿರಿ, ಕೆಳಗಿನ ಹೊಲದವರಿಗೆ ಫೋನ್ ಮಾಡಿ.