ಕೀಲಿ ನನ್ನ ಬ್ಯಾಗಿನಲ್ಲಿತ್ತು

ರಾತ್ರಿ ಮೂರಕ್ಕೆ ಬಕೆಟ್ ಎಳೆದ ಸದ್ದು. ಮೊದಲೆರಡು ದಿನ ಯಾರಿಗೋ ಹೊಟ್ಟೆ ಕೆಟ್ಟಿರಬೇಕು ಅಂದುಕೊಂಡು ಮಗ್ಗುಲು ಬದಲಿಸಿದೆ. ವಾರವಾದರೂ ನಿಲ್ಲಲಿಲ್ಲ. ಐದರ ಗಂಟೆ ಹೊಡೆಯುವ ಹೊತ್ತಿಗೆ ಒಂದು ಟ್ಯಾಂಕ್ ಅರ್ಧ ಖಾಲಿಯಾಗಿರುತ್ತಿತ್ತು. ಗಣಿತದ ಪಿರಿಯಡ್‌ನಲ್ಲಿ ನಾಲ್ಕೈದು ಮಕ್ಕಳು ತೂಕಡಿಸುತ್ತಿದ್ದರು.

ಕೊಪ್ಪಳ ಸೀಮೆಯ ಒಂದು ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಕ್ಕೆ ನಾನು ವಾರ್ಡನ್ ಆಗಿ ಬಂದು ಆಗ ಎಂಟು ತಿಂಗಳು. ಶೈಕ್ಷಣಿಕವಾಗಿ ಹಿಂದುಳಿದ ತಾಲ್ಲೂಕುಗಳ ಹೆಣ್ಣುಮಕ್ಕಳಿಗೆಂದು ಕೇಂದ್ರ ಸರ್ಕಾರ 2004ರಲ್ಲಿ ಶುರು ಮಾಡಿದ ವಸತಿ ಶಾಲೆಗಳಿವು. ನೂರರಲ್ಲಿ 75 ಸೀಟು ಪರಿಶಿಷ್ಟ, ಹಿಂದುಳಿದ, ಅಲ್ಪಸಂಖ್ಯಾತ ಸಮುದಾಯದವರಿಗೆ, ಉಳಿದ 25 ಬಡತನ ರೇಖೆಗಿಂತ ಕೆಳಗಿನ ಮನೆಯವರಿಗೆ ಅಂತ ಆದೇಶದಲ್ಲಿದೆ. ಕಣ್ಣಿಗೆ ಕಾಣುವುದು ಬೇರೆ: ಅಪ್ಪ-ಅವ್ವ ಗುಳೆ ಹೋದಾಗ ಅಜ್ಜಿಯ ಹತ್ತಿರ ಉಳಿದವರು, ತಮ್ಮನನ್ನು ಎತ್ತಿಕೊಳ್ಳಲು ಶಾಲೆ ಬಿಟ್ಟವರು, ಸೀಡ್ಸ್ ಹೊಲದಲ್ಲಿ ಕ್ರಾಸಿಂಗ್ ಅಂದರೆ ಬೀಜಕ್ಕಾಗಿ ಹೂವಿಗೆ ಪರಾಗ ಮುಟ್ಟಿಸುವ ಕೆಲಸಕ್ಕೆ ಹೋಗುತ್ತಿದ್ದವರು. ಆರರಿಂದ ಎಂಟನೇ ತರಗತಿವರೆಗೆ, ಹತ್ತಿರಹತ್ತಿರ 100 ಮಕ್ಕಳು.

ಗೋಡೆಗೆ ಇಪ್ಪತ್ತಕ್ಕೂ ಹೆಚ್ಚು ನಿಯಮಗಳ ಬೋರ್ಡಿತ್ತು. ಬರೆಸಿದ್ದು ಯಾರೋ, ಯಾವ ಕಾಲದಲ್ಲೋ. ಐದಕ್ಕೆ ಏಳಬೇಕು, ಹಾಸಿಗೆ ಮಡಚಬೇಕು, ಎರಡು ಜಡೆ, ಊಟಕ್ಕೆ ಸಾಲು, ಟ್ರಂಕಿನಲ್ಲಿ ತಿಂಡಿ ಇಡಬಾರದು, ಗೇಟಿನ ಹತ್ತಿರ ನಿಲ್ಲಬಾರದು. ನಾನು ಬಂದವಳೇ ಅದಕ್ಕೆ ಇನ್ನೂ ಎರಡು ಸೇರಿಸಿದೆ. ಹೊಸ ವಾರ್ಡನ್‌ಗೆ ಅದೊಂದು ಚಪಲ ಇರುತ್ತದೆ.

ನೀರಿನ ಲೆಕ್ಕ ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಹದಿನೈದು ಲೀಟರಿನ ಬಕೆಟ್, ತಲೆಗೆ ಎರಡು ಅಂದರೂ ಸ್ನಾನಕ್ಕೇ 3000 ಲೀಟರ್. ಇದ್ದದ್ದು 2000 ಲೀಟರಿನ ಎರಡು ಟ್ಯಾಂಕು. ಕರೆಂಟು ಕೈಕೊಟ್ಟರೆ ಮುಗಿಯಿತು, ಅಡುಗೆಮನೆಗೂ ನೀರಿಲ್ಲ. ಮಕ್ಕಳು ಸಾಲು ತಪ್ಪಿಸಿಕೊಳ್ಳಲು ಮೂರಕ್ಕೇ ಎದ್ದು ಸ್ನಾನ ಮುಗಿಸುತ್ತಿದ್ದಾರೆ ಎಂದು ನಾನೇ ತೀರ್ಮಾನಿಸಿದೆ. ಒಬ್ಬಳನ್ನೂ ಕೇಳಲಿಲ್ಲ. ಬಚ್ಚಲುಮನೆ ಸಾಲಿನ ಗ್ರಿಲ್ ಬಾಗಿಲಿಗೆ ಬೀಗ ತರಿಸಿ, ರಾತ್ರಿ ಹತ್ತರಿಂದ ನಾಲ್ಕೂವರೆವರೆಗೆ ಹಾಕಿಸಿದೆ. ಶೌಚಾಲಯ ಬೇರೆ ಕಡೆ ಇತ್ತಲ್ಲ, ಅದು ತೆರೆದೇ ಇತ್ತು, ತಪ್ಪೇನು ಎಂದುಕೊಂಡೆ.

ಸದ್ದು ನಿಂತಿತು. ಹತ್ತು ದಿನಕ್ಕೆ ಶೌಚಾಲಯದ ಪೈಪು ಕಟ್ಟಿಕೊಂಡಿತು.

ಬಿಡಿಸಲು ಬಂದವನು ಉದ್ದ ತಂತಿ ಹಾಕಿ ಎಳೆದ. ಹಳೆ ಲಂಗದ ತುಂಡು, ಶಾಲು ಹರಿದಿದ್ದು, ಒಂದು ಟವೆಲ್ಲಿನ ಅಂಚು ಒಂದಕ್ಕೊಂದು ಸುತ್ತಿಕೊಂಡು ಬಂದವು. ಅವನು ಮುಖ ಆಚೆ ತಿರುಗಿಸಿ ನಿಂತ. ಮೆಟ್ಟಿಲ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದ ಹಿರಿಯ ಅಡುಗೆಯಾಕೆ ತಲೆ ಎತ್ತದೆಯೇ ಅಂದಳು: "ಮೇಡಮ್ಮರ, ಮೂರಕ್ಕ ಎದ್ದು ಅದನ್ನ ತೊಳಕೋತಿದ್ವು ಹುಡುಗ್ಯಾರು. ನೀವು ಕೀಲಿ ಹಾಕಿದ್ರಿ. ಇನ್ನೆಲ್ಲಿ ಒಗೀಬೇಕ್ರಿ ಅವು?"

"ಮತ್ತ ಪ್ಯಾಡ್ ಅದಾವಲ್ಲ?"

"ಅದಾವ್ರಿ. ನಿಮ್ಮ ಅಲ್ಮೇರಾದಾಗ ಅದಾವು."

ಇದ್ದದ್ದು ನಿಜ. ಸರ್ಕಾರ ಪುಕ್ಕಟೆ ಪ್ಯಾಡ್ ಕೊಡುವ ಶುಚಿ ಯೋಜನೆಯಲ್ಲಿ ಬಂದವು, ಬಾರದ ತಿಂಗಳು ನಾವೇ ಕೊಂಡವು, ಎಲ್ಲ ಸೇರಿ ಅಲ್ಮೇರಾದ ಕೆಳಗಿನ ಎರಡು ಖಾನೆ ತುಂಬಿದ್ದವು. ಸ್ಟಾಕ್ ಚೆನ್ನಾಗಿ ಉಳಿಯುತ್ತಿದೆ ಅಂತ ನನಗೆ ಖುಷಿ ಬೇರೆ. ಅವತ್ತು ರಿಜಿಸ್ಟರ್ ತೆಗೆದು ಮೊದಲ ಸಲ ಅವರ ಕಣ್ಣಿನಿಂದ ನೋಡಿದೆ. ಕ್ರಮಸಂಖ್ಯೆ, ಹೆಸರು, ತರಗತಿ, ದಿನಾಂಕ, ಸಹಿ. ಹಾಳೆ ತಿರುಗಿಸಿದರೆ ಯಾವ ಹುಡುಗಿ ಯಾವ ತಾರೀಖಿಗೆ ಬಂದಿದ್ದಳು, ಯಾರಿಗೆ ಇನ್ನೂ ಶುರುವಾಗಿಲ್ಲ ಎಲ್ಲವೂ ಗೊತ್ತಾಗುತ್ತದೆ. ಆ ಪುಸ್ತಕ ಇರುತ್ತಿದ್ದದ್ದು ಆಫೀಸಿನ ಟೇಬಲ್ ಮೇಲೆ. ಗ್ಯಾಸ್ ಸಿಲಿಂಡರ್ ತರುವ ಹುಡುಗ, ತರಕಾರಿ ಬಿಲ್ಲಿನವನು ಸಹಿ ಹಾಕುವುದೂ ಅದೇ ಟೇಬಲ್ಲಿಗೆ ಬಗ್ಗಿ. ಇನ್ನು ಶನಿವಾರ ಮಧ್ಯಾಹ್ನ ನಾನು ಊರಿಗೆ ಹೊರಟರೆ ಕೀಲಿಯೂ ನನ್ನ ಬ್ಯಾಗಿನಲ್ಲಿ ಬಸ್ಸು ಹತ್ತುತ್ತಿತ್ತು, ಸೋಮವಾರದವರೆಗೆ.

ಒಬ್ಬ ಟೀಚರಮ್ಮನ ಹತ್ತಿರವೂ ಇನ್ನೊಂದು ಕೀಲಿ ಇರಲಿಲ್ಲ. ಕಳುವಾದರೆ ಯಾರು ಹೊಣೆ ಎಂಬ ಭಯ. ಯೋಚಿಸಿದರೆ ಆ ರಿಜಿಸ್ಟರು, ಬೀಗ, ಸಹಿ ಒಂದೂ ಮಕ್ಕಳಿಗಾಗಿ ಇದ್ದದ್ದಲ್ಲ. ನನಗೆ ನಿದ್ದೆ ಚೆನ್ನಾಗಿ ಬರಲಿ ಅಂತ ಇದ್ದದ್ದು.

ಮಾರನೆ ದಿನ ಬಟ್ಟೆ ಅಂಗಡಿಯ ಒಂದು ದೊಡ್ಡ ರಟ್ಟಿನ ಡಬ್ಬಿಯನ್ನು ಬಚ್ಚಲುಮನೆ ಸಾಲಿನ ಒಳಗಡೆ ಕಪಾಟಿನ ಮೇಲೆ ಇಟ್ಟು, ತುಂಬಿಸಿ, ಗ್ರಿಲ್ಲಿನ ಬೀಗ ಬಿಚ್ಚಿದೆ. ಪಕ್ಕದಲ್ಲಿ ಹಳೆ ಪೇಪರ್ ಕಟ್ಟು, ಮುಚ್ಚಳದ ಬುಟ್ಟಿ. ಅಷ್ಟೇ. ನಾಲ್ಕೇ ದಿನಕ್ಕೆ ಡಬ್ಬಿ ತಳ ಕಂಡಿತು. ನನಗೆ ಮೈಯೆಲ್ಲ ಉರಿಯಿತು, ಟ್ರಂಕು ಚೆಕ್ ಮಾಡಿಸುತ್ತೇನೆ ಅಂತ ಎದ್ದೇಬಿಟ್ಟೆ. ಅಡುಗೆಯಾಕೆಯೇ ತಡೆದಳು. "ಮತ್ತ ಕೀಲಿ ಬೀಳ್ತದ ಅಂತ ತುಂಬಿಟ್ಕೊಂಡಾವ್ರಿ. ಇನ್ನೊಮ್ಮೆ ತುಂಬ್ರಿ ನೋಡೂಣು." ಮತ್ತೆ ತುಂಬಿದೆವು. ಎರಡನೇ ತಿಂಗಳು ಡಬ್ಬಿ ಮೂರು ವಾರ ಬಂತು, ಆಮೇಲೆ ಲೆಕ್ಕ ಹೆಚ್ಚುಕಡಿಮೆ ಸರಿಹೋಯಿತು. ರಜೆಗೆ ಹೋಗುವಾಗ ಕೆಲವರು ಮನೆಯಲ್ಲಿರುವ ಅಕ್ಕನಿಗೂ ಒಂದು ಪ್ಯಾಕೆಟ್ ಒಯ್ಯುತ್ತಾರೆ. ಗೊತ್ತು. ಕೇಳುವುದಿಲ್ಲ.

ಇದಾದ ಮೇಲೆ ಹುರುಪು ಬಂದು ಬೋರ್ಡಿನ ಇನ್ನಷ್ಟು ನಿಯಮ ಅಳಿಸಿದೆ. ಎರಡು ಜಡೆ ಹೋಯಿತು. ಸೋಮವಾರದ ನೀಲಿ ಕಬ್ಬಿಣಾಂಶದ ಮಾತ್ರೆಯನ್ನು ಪ್ರಾರ್ಥನೆ ಸಾಲಿನಲ್ಲಿ ಖಾಲಿ ಹೊಟ್ಟೆಗೆ ನುಂಗಿಸುತ್ತಿದ್ದರು. ವಾಂತಿ ಬಂದಂತಾಗಿ ಮಕ್ಕಳು ನಾಲಿಗೆ ಕೆಳಗಿಟ್ಟುಕೊಂಡು ಹೋಗಿ ಉಗುಳುತ್ತಿದ್ದರು. ಅದನ್ನು ಊಟವಾದ ಮೇಲೆ ಎಂದು ಮಾಡಿದೆ. ಆದರೆ ಒಂದು ನಿಯಮ ಸಡಿಲಿಸಲಿಲ್ಲ, ಅದಕ್ಕೆ ಬೈಸಿಕೊಂಡಷ್ಟು ಇನ್ಯಾವುದಕ್ಕೂ ಬೈಸಿಕೊಂಡಿಲ್ಲ. ಸೇರಿಸುವಾಗ ಫಾರ್ಮಿನಲ್ಲಿ ಯಾರ ಫೋಟೊ ಅಂಟಿದೆಯೋ ಅವರ ಜೊತೆ ಮಾತ್ರ ಹುಡುಗಿ ಗೇಟು ದಾಟಬೇಕು.

ಒಬ್ಬ ಅಜ್ಜಿ ಎರಡು ಬಸ್ಸು ಬದಲಿಸಿ, ಕಟಕ ರೊಟ್ಟಿ, ಶೇಂಗಾ ಚಟ್ನಿ ಗಂಟು ಕಟ್ಟಿಕೊಂಡು ಮೊಮ್ಮಗಳನ್ನು ಜಾತ್ರೆಗೆ ಕರೆಯಲು ಬಂದಿದ್ದಳು. ಫೋಟೊ ಇರಲಿಲ್ಲ. ಕಳಿಸಲಿಲ್ಲ. "ಸಾಕಿದಾಕಿ ನಾನವ್ವಾ, ನನಗ ಇಲ್ಲಂತೀಯಲ್ಲ" ಅಂತ ಅತ್ತಳು. ಬೇವಿನಮರದ ಕಟ್ಟೆ ಮೇಲೆ ಇಬ್ಬರನ್ನೂ ಕೂಡಿಸಿ ಸಂಜೆವರೆಗೆ ಮಾತಾಡಲು ಬಿಟ್ಟೆವು. ಆಕೆ ಹೋಗುವಾಗ ನನ್ನ ಕಡೆ ನೋಡಲಿಲ್ಲ. ಆಮೇಲೆ ಅಜ್ಜಿಯರ ಫೋಟೊಕ್ಕೂ ಫಾರ್ಮಿನಲ್ಲಿ ಜಾಗ ಮಾಡಿದೆ.

ಅದೇ ವರ್ಷ ಏಳನೇ ತರಗತಿಯ ಹುಡುಗಿಯ ಸೋದರಮಾವ ಬೈಕಿನಲ್ಲಿ ಬಂದ. ಅಜ್ಜ ಸೀರಿಯಸ್, ಈಗಲೇ ಕಳಿಸಿ ಅಂದ. ಫಾರ್ಮಿನಲ್ಲಿ ಅವನ ಫೋಟೊ ಇರಲಿಲ್ಲ. ಮಂಗಳೂರು ಕಡೆ ದುಡಿಯಲು ಹೋಗಿದ್ದ ಅಪ್ಪನ ಫೋನು ಸ್ವಿಚ್ ಆಫ್. ಇವನು ಯಾವುದೋ ಲೀಡರಿಗೆ ಫೋನು ಹಚ್ಚಿ ನನ್ನ ಕೈಗೆ ಕೊಡಲು ಬಂದ, ತಗೊಳ್ಳಲಿಲ್ಲ. ಹುಡುಗಿ ಎಲ್ಲಿ ಅಂತ ನೋಡಿದರೆ ಸ್ಟೋರ್ ರೂಮಿನ ಅಕ್ಕಿ ಚೀಲಗಳ ಹಿಂದೆ ಮೊಣಕಾಲು ಅಪ್ಪಿ ಕೂತಿದ್ದಳು. "ಅಜ್ಜ ಆರಾಮ ಅದಾನ್ರಿ ಮಿಸ್" ಅಂದಳು, ಮುಂದೆ ಮಾತಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದೆ. ಮದುವೆಯ ಮಾತುಕತೆ ಮುಗಿದು ಸೀರೆಯನ್ನೂ ತಂದಾಗಿತ್ತು ಎಂದು ಆಮೇಲೆ ತಿಳಿಯಿತು. ಹುಡುಗಿ ನಮ್ಮಲ್ಲೇ ಉಳಿದಳು. ಅವರ ಮನೆಯವರು ಒಂದು ವರ್ಷ ನೋಡಲು ಬರಲಿಲ್ಲ, ಭಾನುವಾರ ಎಲ್ಲರಿಗೂ ಫೋನು ಬರುವ ಹೊತ್ತಿನಲ್ಲಿ ಅವಳು ಬಾವಿಕಟ್ಟೆ ಕಡೆ ಹೋಗಿಬಿಡುತ್ತಿದ್ದಳು. ಅದಕ್ಕೆ ನನ್ನ ಹತ್ತಿರ ಯಾವ ಉಪಾಯವೂ ಇರಲಿಲ್ಲ.

ಈ ಸಲ ತಪಾಸಣೆಗೆ ಬಂದವರು ಸ್ಟಾಕ್ ಪುಸ್ತಕ ನೋಡಿ ಪ್ಯಾಡ್ ವಿತರಣೆಗೆ ಫಲಾನುಭವಿಗಳ ಸಹಿ ಇಲ್ಲ ಎಂದು ಆಕ್ಷೇಪಣೆ ಬರೆದು ಹೋಗಿದ್ದಾರೆ. ಡಬ್ಬಿ ತುಂಬಿದ ದಿನಾಂಕ, ಎಣಿಕೆ, ನನ್ನದೂ ಇನ್ನೊಬ್ಬ ಟೀಚರದೂ ಸಹಿ ಇರುವ ಹಾಳೆಯ ಪ್ರತಿ ಹಚ್ಚಿ ಉತ್ತರ ಕಳಿಸಿದ್ದೇನೆ. ಗ್ರಿಲ್ಲಿಗೆ ತಂದ ಆ ಬೀಗ ಈಗ ಎಣ್ಣೆ ಡಬ್ಬಿ ಇಡುವ ಕೋಣೆಗೆ ಬಿದ್ದಿದೆ. ಅದರ ಮೇಲೆ ಅಡುಗೆಯಾಕೆಗೆ ವಿಪರೀತ ಸಿಟ್ಟು, ದಿನಾ ಬೆಳಿಗ್ಗೆ ಕೀಲಿ ಕೇಳುವಾಗ ನನಗೆ ಕೇಳುವ ಹಾಗೇ ಗೊಣಗುತ್ತಾಳೆ.