ಇನ್ನೂ ಮುಗಿದಿಲ್ವೇನೋ?

ಭಾನುವಾರ ಅಮ್ಮನನ್ನು ಜರ್ಮನಿಯ ಕೊಲೋನ್‌ಗೆ ಕರೆದುಕೊಂಡು ಹೋಗಿದ್ದೆ. ರೈಲ್ವೆ ಸ್ಟೇಷನ್ನಿನಿಂದ ಹೊರಗೆ ಕಾಲಿಟ್ಟರೆ ಎದುರಿಗೇ ಡೋಮ್, ಅಂದರೆ ಅಲ್ಲಿನ ದೊಡ್ಡ ಚರ್ಚು. 157 ಮೀಟರಿನ ಗೋಪುರಗಳು. ಎಷ್ಟು ಹಿಂದೆ ಸರಿದರೂ ಅಮ್ಮನ ಜೊತೆ ಅದರ ತುದಿ ಫೋಟೋದಲ್ಲಿ ಹಿಡಿಸಲ್ಲ. ಅವಳು ‘ಅಬ್ಬಾ’ ಅನ್ನಲಿ ಅಂತ ಕಾಯುತ್ತಿದ್ದೆ. ಅವಳು ಸ್ವೆಟರಿನ ಗುಂಡಿ ಹಾಕಿಕೊಳ್ಳುತ್ತಾ, ಒಂದು ಮೂಲೆಯಲ್ಲಿ ಕಟ್ಟಿದ್ದ ಸಾರ್ವೆ ನೋಡಿ, “ಇನ್ನೂ ಮುಗಿದಿಲ್ವೇನೋ?” ಅಂದಳು.

ನಗು ಬಂತು, ಸ್ವಲ್ಪ ಸಿಟ್ಟೂ ಬಂತು. ಅಮ್ಮ ಯಾವುದಕ್ಕೂ ಸುಲಭಕ್ಕೆ ಬೆರಗಾಗುವವಳಲ್ಲ. ಓದಿಕೊಂಡು ಬಂದಿದ್ದೆಲ್ಲ ಒಪ್ಪಿಸಿದೆ. 1248ರಲ್ಲಿ ಅಡಿಗಲ್ಲು. 1322ರಲ್ಲಿ ಪೂಜಾಪೀಠದ ಕಡೆಯ ಭಾಗವಷ್ಟೇ ಪ್ರತಿಷ್ಠೆಯಾಯಿತು. 16ನೇ ಶತಮಾನದಲ್ಲಿ ಕೆಲಸವೇ ನಿಂತಿತು. 1842ರಲ್ಲಿ ಮತ್ತೆ ಕೈಹಾಕಿ 1880ರಲ್ಲಿ ಮುಗಿಸಿದರು. ಕೆಲಸ ನಿಂತ ಮೇಲೆ ದಕ್ಷಿಣದ ಮೊಂಡು ಗೋಪುರದ ನೆತ್ತಿಯ ಮೇಲೆ ಕಲ್ಲೆತ್ತುವ ಮರದ ಕ್ರೇನು ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಹಾಗೇ ನಿಂತಿತ್ತು. ಇಳಿಸಿದ್ದು 1868ರಲ್ಲಿ.

“ಯಾಕೆ ಇಳಿಸಿರಲಿಲ್ಲ?”

“ಮುಂದೆ ಕಟ್ಟೋರಿಗೆ ಬೇಕಾಗುತ್ತೆ ಅಂತ ಇರಬೇಕು.”

“ನಿಮ್ಮಪ್ಪ ತಾರಸಿ ಮೇಲೆ ಕಂಬಿ ಬಿಟ್ಟಿಲ್ವಾ, ಹಂಗೆ.”

ಸೋಮವಾರ ಆಫೀಸಿನಲ್ಲಿ ಕೂತಾಗಲೂ ಅದೇ ಮಾತು. ಆ ಕಂಬಿಗಳು ನನ್ನ ಪಾಲಿನ ಮಹಡಿಗೆ ಬಿಟ್ಟಿದ್ದು. ಅಮ್ಮ ಅವಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತಾಳೆ. ನಕ್ಷೆ ಅಟ್ಟದ ಮೇಲಿದೆ, ಹಳೇ ಕ್ಯಾಲೆಂಡರುಗಳ ಜೊತೆ ಸುರುಳಿ ಸುತ್ತಿಕೊಂಡು.

ಡೋಮಿನ ನಕ್ಷೆಯ ಕತೆಯೂ ಇದೇ. ನಾಲ್ಕು ಮೀಟರಿಗೂ ಉದ್ದದ ತೊಗಲಿನ ಮೇಲೆ ಬರೆದ ಮುಂಭಾಗದ ಚಿತ್ರ ಎರಡು ತುಂಡಾಗಿ ಕಳೆದುಹೋಗಿತ್ತು. ಒಂದು ತುಂಡು 1814ರಲ್ಲಿ ಡಾರ್ಮ್‌ಸ್ಟಾಟ್ ಊರಿನ ಅಟ್ಟವೊಂದರಲ್ಲಿ ಸಿಕ್ಕಿತು; ಅದರ ಮೇಲೆ ಹುರುಳಿಕಾಯಿ ಒಣಗಿಸುತ್ತಿದ್ದರಂತೆ. ಇನ್ನೊಂದು ಪ್ಯಾರಿಸಿನಲ್ಲಿ. ಆ ಹಳೇ ಗೆರೆಗಳನ್ನೇ ನಂಬಿ 19ನೇ ಶತಮಾನದವರು ಗೋಪುರ ಎಬ್ಬಿಸಿದರು. ಇಡೀ ದಿನದಲ್ಲಿ ಅಮ್ಮನಿಗೆ ಮನಸ್ಸಿಗೆ ಹಿಡಿದಿದ್ದು ಹುರುಳಿಕಾಯಿಯೊಂದೇ. ಮಗು ಏಸುವನ್ನು ನೋಡಲು ಬಂದ ಮೂವರು ಜ್ಞಾನಿಗಳ ಅಸ್ಥಿ ಇದೆ ಅನ್ನುವ ಚಿನ್ನದ ಪೆಟ್ಟಿಗೆಯನ್ನು ಒಂದು ನಿಮಿಷವೂ ನೋಡಲಿಲ್ಲ.

ಅವಳ ಪ್ರಶ್ನೆಗೆ ಸರಿಯಾದ ಉತ್ತರ ‘ಇಲ್ಲಮ್ಮ, ಮುಗಿದಿಲ್ಲ’ ಅನ್ನುವುದೇ. ಮಳೆಗೆ, ಹೊಗೆಗೆ ಸವೆದ ಕಲ್ಲು ಬದಲಿಸುವುದಕ್ಕೆ ಡೋಮಿಗೆ ಅದರದೇ ಕಲ್ಲುಕುಟಿಗರಿದ್ದಾರೆ, ಇವತ್ತಿಗೂ. ನನಗದು ಹೊಳೆದಿದ್ದು ವಾಪಸ್ ಬರುವ ರೈಲಿನಲ್ಲಿ. ಅಷ್ಟರಲ್ಲಿ ಅಮ್ಮ ನಿದ್ದೆ ಹೋಗಿದ್ದಳು.

ನಿನ್ನೆ ವಿಡಿಯೋ ಕಾಲಿನಲ್ಲಿ ಅಪ್ಪನಿಗೆ ವರದಿ ಒಪ್ಪಿಸಿದಳು: “ರೀ, ಇಲ್ಲಿ ಮುನ್ನೂರು ವರ್ಷ ಕಂಬಿ ಬಿಟ್ಟಿದ್ರಂತೆ.”

“ತುಕ್ಕು ಹಿಡೀಲಿಲ್ವಂತಾ?” ಅಂದರು ಅಪ್ಪ.

“ಅದು ಮರದ್ದಪ್ಪ” ಅಂದೆ. ಬೇರೇನು ಹೇಳಬೇಕೋ ತೋಚಲಿಲ್ಲ.